ಯಮದೂತರ ಮೂರು ಜೊತೆ ಜೋಡು

ಕೊರಿಯಾದ ಹಮ್‌ಗ್ಯಾಂಗ್ ಸೀಮೆಯಲ್ಲಿ ಹುಲ್ಲಿನ ಜೋಡು ಹೆಣೆಯುವುದರಲ್ಲಿ ಮುದುಕಿ ಒಕ್ದಾನಳಿಗೆ ಎಣೆಯಿರಲಿಲ್ಲ. ಊರಲ್ಲಿ ಯಾರು ಸತ್ತರೂ ಯಮದೂತರಿಗೆಂದು ಬಾಗಿಲ ಮುಂದಿಡುವ ಮೂರು ಬಟ್ಟಲು ಅನ್ನದ ಪಕ್ಕದಲ್ಲಿ ಅವಳೇ ಹೆಣೆದ ಮೂರು ಜೊತೆ ಜೋಡು ಇರುತ್ತಿದ್ದವು. ಜಪಾನಿ ಸೈನ್ಯ ಊರು ಹಿಡಿದಾಗ ಅವಳು ಸೊಸೆಯನ್ನು ಅಟ್ಟದಲ್ಲಿ ಅಡಗಿಸಿ, ತನ್ನ ಬಾಗಿಲ ಮುಂದೂ ಅದೇ ಅನ್ನ, ಜೋಡುಗಳನ್ನು ಇಟ್ಟಳು. ಸಾವಿನ ಮನೆಯನ್ನು ಯಾರೂ ಹೊಗಲಾರರೆಂದು ಅವಳ ಲೆಕ್ಕಾಚಾರ.

“ಅತ್ತೆ, ಬದುಕಿರೋಳಿಗೆ ಇದನ್ನೆಲ್ಲ ಇಡ್ತಾರಾ?” ಸೊಸೆ ಅಟ್ಟದಿಂದ ಕೇಳಿದಳು.

“ಬಾಯ್ಮುಚ್ಕೊಂಡು ಬಿದ್ದಿರೇ, ಹೆಣ ಮಾತಾಡಲ್ಲ!”

ಬಂದ ಸಿಪಾಯಿಗಳು ಮೂವರು. ಒಳಗೆ ಇಣುಕಲೂ ಇಲ್ಲ; ಹಸಿದಿದ್ದವರು ಬಾಗಿಲಲ್ಲೇ ಕೂತು ಅನ್ನ ಉಂಡು, ಜೋಡು ಮೆಟ್ಟಿಕೊಂಡು ಹೊರಟರು.

ಮುದುಕಿ ಆಗ ಸೊಸೆಯಿದ್ದ ಅಟ್ಟದತ್ತ ಓಡಿದಳು. ಉಂಡು ಜೋಡು ಮೆಟ್ಟಿದ ಯಮದೂತರು ಯಾರನ್ನೂ ಕರೆದೊಯ್ಯದೆ ಹೋದದ್ದನ್ನು ಅವಳು ಈವರೆಗೆ ಕಂಡಿರಲಿಲ್ಲ.