ಸರೋಜ ಚಿಕ್ಕಮ್ಮ ಹುಣಸೆ ಕುಟ್ಟಿದ ಬೇಸಿಗೆ

ಆಗೆಲ್ಲ ನಮ್ಮ ಕಡೆ ಜ್ವರ ಬಂದರೆ, ಮೂಳೆ ಮುರಿದರೆ ಡಾಕ್ಟರು. ಹೆಂಗಸಿನ ಮನಸ್ಸು ಕೆಟ್ಟರೆ ಗುಡಿ. ಇದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಕೂದಲು ಕೆದರಿಕೊಂಡು, ಬಾಯಲ್ಲಿ ಬೇವಿನ ಸೊಪ್ಪು ಕಚ್ಚಿಕೊಂಡು ಗುಡಿಯ ಮುಂದೆ ಹೊರಳುವ ಹೆಂಗಸರನ್ನು ನೋಡಲು ನಾವು ಮಕ್ಕಳು ಲಂಗದ ಮಡಿಲಲ್ಲಿ ಕಡಲೆಪುರಿ ಕಟ್ಟಿಕೊಂಡು ಹೋಗುತ್ತಿದ್ದೆವು. ನಿಮ್ಮಲ್ಲೂ ಕೆಲವರು ಹೋಗಿರುತ್ತೀರಿ. ಅದು ಏನೆಂದು ನನಗೆ ಗೊತ್ತಾದದ್ದು ನಮ್ಮ ಮನೆಯವಳೇ ಅಲ್ಲಿ ಬಿದ್ದಾಗ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಒಂಬತ್ತು ವರ್ಷ. ಮಾದಿಹಳ್ಳಿಯಲ್ಲಿ ಅಜ್ಜಿಯ ಮನೆಯಲ್ಲೇ ನಾವಿದ್ದೆವು. ಅಪ್ಪ ಹಳೇಬೀಡಿನ ಕಡೆ ಒಂದು ಶಾಲೆಯಲ್ಲಿ ಮೇಷ್ಟ್ರು. ಅಮ್ಮನ ತಂಗಿ ಸರೋಜ ಚಿಕ್ಕಮ್ಮನನ್ನು ಅರಸೀಕೆರೆಗೆ ಕೊಟ್ಟಿದ್ದರು. ಗಂಡ ನಾಗೇಂದ್ರನಿಗೆ ಕೊಬ್ಬರಿ ಮಂಡಿಯಲ್ಲಿ ಕೆಲಸ. ಚೊಚ್ಚಲ ಹೆರಿಗೆಗೆಂದು ಬಂದಿದ್ದ ಚಿಕ್ಕಮ್ಮ ಶಿವರಾತ್ರಿಯ ಹೊತ್ತಿಗೆ ಹೆಣ್ಣು ಮಗು ಹೆತ್ತಳು. ಮೂರನೆಯ ದಿನ ಅದು ಹೋಯಿತು. ಅಪ್ಪ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಹೆಸರೂ ಇಡದ ಕೂಸಿಗೆ ಅಳಬಾರದು ಎಂದು ಅಜ್ಜಿ ಕಟ್ಟಪ್ಪಣೆ ಮಾಡಿದಳು.

ಚಿಕ್ಕಮ್ಮ ಅಳಲಿಲ್ಲ. ಹಾಲು ಬತ್ತಲೆಂದು ಅವಳ ಎದೆಗೆ ಮಲ್ಲಿಗೆ ಹೂವು ಕಟ್ಟಿದ್ದರು. ಹುಳಿಯಾದ ಹಾಲು, ಬಾಡಿದ ಮಲ್ಲಿಗೆ ಎರಡೂ ಸೇರಿದ ವಾಸನೆ ಆ ಕೋಣೆಯಲ್ಲಿ ಹದಿನೈದು ದಿನ ಇತ್ತು. ಆಮೇಲೆ ಅವಳು ಮಧ್ಯಾಹ್ನದ ಹೊತ್ತು ಎದ್ದು ಹಿತ್ತಿಲ ಕೊಟ್ಟಿಗೆಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತು ಮೆಲ್ಲಗೆ ಏನೋ ಹೇಳಿಕೊಳ್ಳತೊಡಗಿದಳು. ನಾನು ಸಂದಿಯಿಂದ ನೋಡಿದೆ. ಓಡಿಹೋಗಿ, ಚಿಕ್ಕಮ್ಮ ಕೊಟ್ಟಿಗೆಯಲ್ಲಿ ಯಾರ ಜೊತೆಗೋ ಮಾತಾಡುತ್ತಾಳೆ ಎಂದು ಅಜ್ಜಿಗೆ ಹೇಳಿದೆ. ಅಜ್ಜಿ ನನ್ನ ಕೈಗೆ ಕೊಬ್ಬರಿ ಬೆಲ್ಲ ಇಟ್ಟು, ಇನ್ನೂ ಏನೇನು ನೋಡಿದೆ ಎಂದು ಕೇಳಿದಳು. ನೋಡದ್ದನ್ನೂ ಎರಡು ಸೇರಿಸಿ ಹೇಳಿದೆ.

ಸುದ್ದಿ ಅರಸೀಕೆರೆ ಮುಟ್ಟಿತು. ನಾಗೇಂದ್ರನೂ ಅವನ ತಾಯಿಯೂ ಬಂದರು. ಸೂತಕದ ಮನೆಯಲ್ಲಿ ಗಾಳಿ ಸೇರಿಕೊಂಡಿದೆ, ಬಿಡಿಸದೆ ಮನೆ ತುಂಬಿಸಿಕೊಳ್ಳುವುದಿಲ್ಲ ಎಂದು ಆ ತಾಯಿ ಹೇಳಿದರು. ಅಪ್ಪ ಬೇಡವೆಂದರು, ಆದರೆ ಗಟ್ಟಿಯಾಗಿ ಅನ್ನಲಿಲ್ಲ.

ಅರಸೀಕೆರೆಯ ದಾರಿಯಲ್ಲಿ ಕುರುಚಲು ಗುಡ್ಡದ ಮೇಲಿದ್ದ ಆ ಗುಡಿಯ ಹೆಸರು ಇಲ್ಲಿ ಬೇಡ. ಅಲ್ಲಿ ದೇವರು ಮೈದುಂಬುತ್ತಿದ್ದವನನ್ನು ಎಲ್ಲರೂ ಅಯ್ಯ ಅನ್ನುತ್ತಿದ್ದರು. ಕರ್ಪೂರದ ತಟ್ಟೆ ಹಿಡಿಯಲು ಮೈನೆರೆಯದ ಹುಡುಗಿ ಬೇಕು ಎಂದ. ಅಜ್ಜಿ ನನ್ನನ್ನು ಮುಂದೆ ತಳ್ಳಿದಳು. ಹೊಸ ಲಂಗ ಹಾಕಿಸಿದ್ದರು. ನನಗೆ ಹೆಮ್ಮೆಯೇ ಆಗಿತ್ತು.

ಚಿಕ್ಕಮ್ಮನ ಜಡೆ ಬಿಚ್ಚಿ ಕೂದಲನ್ನು ಗುಡಿಯ ಮುಂದಿನ ಕಂಬಕ್ಕೆ ಬಿಗಿದರು. ನೀರಲ್ಲಿ ನೆನೆಹಾಕಿದ ಹುಣಸೆ ಬರಲಿನ ಕೋಲು ತೆಗೆದುಕೊಂಡು ಅಯ್ಯ ಮೊದಲು ಮೀನಖಂಡಕ್ಕೆ, ಆಮೇಲೆ ಬೆನ್ನಿಗೆ ಹೊಡೆದ. ಒಂದು ಪೆಟ್ಟು, ಒಂದು ಪ್ರಶ್ನೆ: ಯಾರು ನೀನು, ಎಲ್ಲಿಂದ ಬಂದೆ. ಚಿಕ್ಕಮ್ಮ ಹೆಸರು ಹೇಳಲಿಲ್ಲ. ಅದಕ್ಕೆ ಮುಂದಿನ ಮಂಗಳವಾರ ಮತ್ತೆ. ಅದರ ಮುಂದಿನ ಮಂಗಳವಾರ ಮತ್ತೆ.

ಮೂರನೆಯ ವಾರ ಹಿಂದಿನ ಗಾಯದ ಮೇಲೆಯೇ ಹೊಡೆದಾಗ ಬೆನ್ನಿನ ಚರ್ಮ ಬಿರಿಯಿತು. ರವಿಕೆ ಮೈಗೆ ಅಂಟಿ ಕಪ್ಪಾಯಿತು. ನನ್ನ ಕೈಯ ಹಿತ್ತಾಳೆ ತಟ್ಟೆಗೆ ಆರಲು ಬಿಡದೆ ಕರ್ಪೂರ ಸುರಿಯುತ್ತಿದ್ದರು. ತಟ್ಟೆ ಕಾದು ಅಂಗೈ ಸುಡುತ್ತಿತ್ತು. ಕೆಳಗೆ ಹಾಕಿದರೆ ಅವಳ ಮೈಯ ಗಾಳಿ ನಿನ್ನ ಮೈಗೆ ಬರುತ್ತದೆ ಎಂದು ಮೊದಲೇ ಹೇಳಿದ್ದರು. ನಾನು ಹಲ್ಲು ಕಚ್ಚಿ ಹಿಡಿದುಕೊಂಡೇ ನಿಂತೆ. ಆಗ ಚಿಕ್ಕಮ್ಮ ಕಂಬದಿಂದ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಾ ಕೂಗಿದಳು.

“ಗಿರಿಜಾ.”

ಜನ ಉಸ್ಸೆಂದರು. ಗಾಳಿ ಹೆಸರು ಹೇಳಿತು ಎಂದು ಯಾರೋ ಅಂದರು. ಅಯ್ಯ ನನ್ನ ಹೆಸರು ಕರೆದು ಕರೆದು ಚಿಕ್ಕಮ್ಮನಿಗೆ ಹೊಡೆಯತೊಡಗಿದ. ಗಿರಿಜಾ, ಬಿಟ್ಟು ಹೋಗು. ಗಿರಿಜಾ, ಬಿಟ್ಟು ಹೋಗು. ಅವಳು ನೆಲಕ್ಕೆ ಕುಸಿದ ಮೇಲೂ ನಾಲ್ಕೈದು ಸಲ. ಅವಳು ಉಚ್ಚೆ ಹೊಯ್ದುಕೊಂಡದ್ದನ್ನು ನೋಡಿ, ಗಾಳಿ ನೀರಾಗಿ ಹೋಯಿತು ಎಂದು ನಾಗೇಂದ್ರನ ತಾಯಿ ಕೈಮುಗಿದರು.

ಆವತ್ತಿನಿಂದ ನಾನೇ ದೆವ್ವ ಎಂದು ನಂಬಿಕೊಂಡೆ. ಕನ್ನಡಿ ನೋಡುವುದು ಬಿಟ್ಟೆ. ಯಾರಿಗೂ ಹೇಳಲಿಲ್ಲ.

ಅಂಗೈಯ ಬೊಬ್ಬೆ ಒಡೆದು ಕೀವು ಕಟ್ಟಿತು. ಆಗ ಅಮ್ಮ ಅಜ್ಜಿಯನ್ನು ಕೇಳದೆ ನನ್ನನ್ನೂ ಚಿಕ್ಕಮ್ಮನನ್ನೂ ಬಸ್ಸು ಹತ್ತಿಸಿ ಹಗರೆಗೆ ಕರೆದುಕೊಂಡು ಹೋದಳು. ಅಲ್ಲಿ ರುಕ್ಮಿಣಮ್ಮ ಎಂಬ ನಿವೃತ್ತ ನರ್ಸ್ ಇದ್ದರು. ಊರಿಗೆಲ್ಲ ಅವರು ನರ್ಸಮ್ಮ. ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಯ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ದುಡಿದು ಬಂದವರು. ನನ್ನ ಕೈ ತೊಳೆದು ಹೇಗಾಯಿತೆಂದು ಕೇಳಿದರು. ಅಮ್ಮ ತಡವರಿಸಿದಳು. ನರ್ಸಮ್ಮ ಎದ್ದು ಹೋಗಿ ಚಿಕ್ಕಮ್ಮನ ಸೆರಗು ಸರಿಸಿ ಬೆನ್ನು ನೋಡಿದರು. ಗಾಯ ತೊಳೆದು ಔಷಧಿ ಹಚ್ಚಿದರು. ಬೇಸಿಗೆ ಮುಗಿಯುವ ತನಕ ಇವಳನ್ನು ದಿನಾ ಇಲ್ಲಿಗೆ ಕಳಿಸಬೇಕು, ಯಾರಾದರೂ ಕೇಳಿದರೆ ಹುಣಸೆಹಣ್ಣು ಕುಟ್ಟುವ ಕೆಲಸಕ್ಕೆ ಅನ್ನಿ ಎಂದರು.

ಅವರ ಅಂಗಳದಲ್ಲಿ ಎರಡು ದೊಡ್ಡ ಹುಣಸೆ ಮರಗಳಿದ್ದವು. ರಜ ಬಂದಿದ್ದರಿಂದ ನಾನೂ ಜೊತೆಗೆ ಹೋದೆ. ಹುಣಸೆಹಣ್ಣನ್ನು ಬಿಸಿಲಿಗೆ ಹಾಕಿ, ಸಿಪ್ಪೆ ಬಿಡಿಸಿ, ನಾರು ಎಳೆದು, ಕಲ್ಲಿನ ಮೇಲಿಟ್ಟು ಮರದ ಕೊಡತಿಯಿಂದ ಕುಟ್ಟಿ ಬೀಜ ತೆಗೆಯುವ ಕೆಲಸ. ಐದಾರು ಹೆಂಗಸರು ಸಾಲಾಗಿ ಕೂರುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ಗುಡಿಯಿಂದಲೋ ಮಠದಿಂದಲೋ ಪೆಟ್ಟು ತಿಂದು ಬಂದವರೇ ಎಂದು ನನಗೆ ಆಮೇಲೆ ಗೊತ್ತಾಯಿತು. ನರ್ಸಮ್ಮ ಮಕ್ಕಳಿಗೆಂದು ಹುಣಸೆ, ಬೆಲ್ಲ, ಜೀರಿಗೆ, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿ ಕಡ್ಡಿಗೆ ಸಿಕ್ಕಿಸಿ ಚಿಗಳಿ ಮಾಡಿಕೊಡುತ್ತಿದ್ದರು. ಅದನ್ನು ಚೀಪುತ್ತಾ, ಎಡಗೈಯಲ್ಲಿ ಅಳಿಗುಳಿಮಣೆ ಆಡುತ್ತಾ ನಾನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದೆ.

ಅಲ್ಲಿ ಒಂದೇ ಕಟ್ಟಳೆ. ಒಬ್ಬರು ಹೇಳುವಾಗ ಇನ್ನೊಬ್ಬರು “ಹೋಗ್ಲಿ ಬಿಡು” ಅನ್ನಬಾರದು. ಹಣೆಬರಹ ಅನ್ನಬಾರದು. ಕೇಳಬೇಕು, ಕುಟ್ಟಬೇಕು.

ಹೆಚ್ಚು ಮಾತಾಡುತ್ತಿದ್ದವಳು ಬಿಕ್ಕೋಡಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದ ಈರಮ್ಮ. ದೇವರ ಹರಕೆ ತಪ್ಪಿಸಿದಳೆಂದು ಅವಳ ಅಂಗೈಯಲ್ಲಿ ಕರ್ಪೂರ ಹಚ್ಚಿ ಉರಿದು ಮುಗಿಯುವ ತನಕ ಹಿಡಿದಿದ್ದರಂತೆ. ಹಿಡಿದವರು ಸ್ವಂತ ಅಣ್ಣಂದಿರು. ಆ ಕೈಯ ಎರಡು ಬೆರಳು ಮಡಿಸಿಕೊಂಡೇ ಇದ್ದವು. ಅವಳು ಇನ್ನೊಂದು ಕೈಯಲ್ಲಿ ಕೊಡತಿ ಎತ್ತಿ, ಇದು ಪೂಜಾರಿಯ ಮಂಡಿ, ಇದು ದೊಡ್ಡಣ್ಣನ ಹಲ್ಲು ಎಂದು ಹೇಳಿ ಹೇಳಿ ಕುಟ್ಟುತ್ತಿದ್ದಳು. ಅವರು ಅವಳಿಗೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಅವರಿಗೇ ಮಾಡುತ್ತಿದ್ದಳು. ಉಳಿದ ಹೆಂಗಸರು ಬೆಚ್ಚುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ. ಒಂದು ದಿನ ಅವಳು ದೇವರನ್ನೇ ಬೈದು, ನಾಲಿಗೆ ಕಚ್ಚಿಕೊಂಡು ನರ್ಸಮ್ಮನ ಮುಖ ನೋಡಿದಳು. ನರ್ಸಮ್ಮ ದಿನಾ ಬೆಳಿಗ್ಗೆ ದೀಪ ಹಚ್ಚುವವರು.

“ಬೈಯಿ. ಅವನಿಗೂ ಕೇಳ್ಲಿ. ಒಳಗೇ ಇಟ್ಕೊಂಡು ನೀನ್ಯಾಕೆ ಸಾಯ್ತೀಯ” ಅಂದರು.

ಚಿಕ್ಕಮ್ಮ ಮಾತ್ರ ಮೂರು ವಾರ ತುಟಿ ಬಿಚ್ಚಲಿಲ್ಲ. ಬೀಜ ಹೊರಬಂದ ಮೇಲೂ ಕುಟ್ಟುತ್ತಿದ್ದಳು. ಅವಳ ಹಣ್ಣು ಪೂರ್ತಿ ನುಚ್ಚಾಗಿ ಯಾವುದಕ್ಕೂ ಬಾರದಂತಾಗುತ್ತಿತ್ತು. ನರ್ಸಮ್ಮ ಅದನ್ನು ಸುಮ್ಮನೆ ಬೇರೆ ಮಡಕೆಗೆ ಹಾಕಿ ಹೊಸ ಹಣ್ಣು ಇಡುತ್ತಿದ್ದರು. ಒಂದು ಮಧ್ಯಾಹ್ನ ಕೊಡತಿ ಜಾರಿ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಉಗುರಿನಡಿ ರಕ್ತ ಚಿಮ್ಮಿತು. ಚಿಕ್ಕಮ್ಮ ಅದನ್ನೇ ನೋಡಿದಳು. ನೋಡುತ್ತಾ ನೋಡುತ್ತಾ ಬೆರಳನ್ನು ಅಲ್ಲೇ ಇಟ್ಟು, ಬೇಕೆಂದೇ ಎರಡನೆಯ ಸಲ ಹೊಡೆದಳು. ಮೂರನೆಯದಕ್ಕೆ ಎತ್ತಿದಾಗ ನರ್ಸಮ್ಮ ಮಣಿಕಟ್ಟು ಹಿಡಿದರು. ಚಿಕ್ಕಮ್ಮ ಅವರ ತೋಳಿಗೆ ಬಾಯಿ ಹಾಕಿ ಕಚ್ಚಿದಳು, ಒದ್ದಳು, ಉಗುರಿನಿಂದ ಕೆನ್ನೆ ಪರಚಿದಳು. ಅರವತ್ತು ದಾಟಿದ ಆ ಹೆಂಗಸು ನೆಲಕ್ಕೆ ಬಿದ್ದರೂ ಬಿಡಲಿಲ್ಲ. ಬಿಡಿಸಲು ಬಂದ ಈರಮ್ಮನನ್ನೂ ಹತ್ತಿರ ಸೇರಿಸಲಿಲ್ಲ. ಕೊನೆಗೆ ಚಿಕ್ಕಮ್ಮನ ಗಂಟಲಿನಿಂದ ಬಂದ ಸದ್ದಿಗೆ ಮರದ ಕಾಗೆಗಳೆಲ್ಲ ಎದ್ದು ಹೋದವು.

ಸದ್ದು ನಿಂತ ಮೇಲೆ ಅವಳು ಮಾತಾಡಿದಳು. ಕಂಬ, ಕೂದಲು, ಬರಲು ಎಲ್ಲವನ್ನೂ ಹೇಳಿದಳು. ನನ್ನ ಹೆಸರು ಬರುವ ಜಾಗ ಹತ್ತಿರವಾದಂತೆ ನನಗೆ ತಡೆಯಲಾಗಲಿಲ್ಲ. ಅಳಿಗುಳಿಮಣೆಯನ್ನು ಒದ್ದು ಎದ್ದು, ಕೊಟ್ಟಿಗೆಯ ವಿಷಯ ಅಜ್ಜಿಗೆ ಹೇಳಿದ್ದು ನಾನೇ, ನಾನೇ ದೆವ್ವ, ಚಿಕ್ಕಮ್ಮನೇ ನನ್ನ ಹೆಸರು ಹೇಳಿದ್ದಾಳೆ ಎಂದು ಬಿಕ್ಕಿ ಬಿಕ್ಕಿ ಹೇಳಿದೆ.

ಚಿಕ್ಕಮ್ಮ ನನ್ನನ್ನು ಎಳೆದುಕೊಂಡಳು. ಅವಳ ಹೆಬ್ಬೆರಳಿನ ರಕ್ತ ನನ್ನ ಲಂಗಕ್ಕೆ ಹತ್ತಿತು.

“ಅಯ್ಯೋ ಹುಚ್ಚೀ, ನಿನ್ನ ಕೈ ಸುಡ್ತಿತ್ತು ಕಣೇ. ಯಾರೂ ನೋಡ್ತಿರ್ಲಿಲ್ಲ. ತಟ್ಟೆ ಎಸೆದು ಓಡೋಗು ಅನ್ನೋಕೆ ಕೂಗಿದ್ದು. ಹೆಸರು ಬಂತು, ಮಿಕ್ಕಿದ್ದು ಬರ್ಲಿಲ್ಲ.”

ನಾನು ಅಜ್ಜಿಗೆ ಹೇಳಿದ್ದಕ್ಕೆ ಅವಳು ಕ್ಷಮಿಸಿದೆ ಅನ್ನಲಿಲ್ಲ. ಅದನ್ನು ಇವತ್ತಿಗೂ ಅಂದಿಲ್ಲ. ಆದರೆ ಅವತ್ತು ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು.

ರಜ ಮುಗಿಯುವ ಮುಂಚೆ ನಾಗೇಂದ್ರ, ಅವನ ತಾಯಿ, ಇನ್ನಿಬ್ಬರು ಗಂಡಸರು ಒಂದು ಜೀಪಿನಲ್ಲಿ ಅಂಗಳಕ್ಕೇ ಬಂದರು. ಗಾಳಿ ಪೂರ್ತಿ ಬಿಟ್ಟಿಲ್ಲ, ಮನೆ ತುಂಬಿಸಿಕೊಳ್ಳುವ ಮುಂಚೆ ಇನ್ನೊಂದು ಮಂಗಳವಾರ ಬಾಕಿ ಇದೆ, ಅಯ್ಯನ ಅಪ್ಪಣೆ ಆಗಿದೆ ಎಂದರು. ನರ್ಸಮ್ಮ ಮೊದಲು ಕೂತುಕೊಳ್ಳಿ, ನೀರು ಕುಡಿಯಿರಿ ಎಂದು ಸಮಾಧಾನವಾಗಿಯೇ ಹೇಳಿದರು. ನಾಗೇಂದ್ರ ಕೂರಲಿಲ್ಲ. ನೇರ ಬಂದು ಚಿಕ್ಕಮ್ಮನ ಜಡೆಗೆ ಕೈ ಹಾಕಿ ಎಳೆದ. ಅವಳನ್ನು ಒಂದು ಮಾರು ದೂರ ನೆಲದ ಮೇಲೆ ಎಳೆದುಕೊಂಡು ಹೋದ. ಅವಳ ಕೈಯಲ್ಲಿ ಕೊಡತಿ ಹಾಗೇ ಇತ್ತು.

“ಕೂದ್ಲು ಬಿಡಿ” ಅಂದಳು. ಅವನು ಬಿಡಲಿಲ್ಲ.

ಹೊಡೆದಳು. ಒಂದೇ ಪೆಟ್ಟು, ಮಣಿಕಟ್ಟಿನ ಮೇಲೆ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಅವನ ತಾಯಿ ಸೆರಗಿನ ಗಂಟು ಬಿಚ್ಚಿ ವಿಭೂತಿಯನ್ನು ಚಿಕ್ಕಮ್ಮನ ಮುಖಕ್ಕೆ ಎರಚಿದರು. ಜೊತೆಗೆ ಬಂದಿದ್ದವನೊಬ್ಬ ಚಿಕ್ಕಮ್ಮನ ಹೊಟ್ಟೆಗೆ ಒದ್ದ. ಆಗ ಅಷ್ಟೂ ಹೆಂಗಸರು ಎದ್ದರು. ಈರಮ್ಮ ಒದ್ದವನ ಮೊಣಕಾಲಿಗೆ ಬಾರಿಸಿದಳು. ಅವನು ಹುಣಸೆಯ ರಾಶಿಯ ಮೇಲೆ ಬಿದ್ದ. ಇನ್ನೊಬ್ಬ ಜೀಪಿನೊಳಗೆ ಹೋಗಿ ಬಾಗಿಲು ಹಾಕಿಕೊಂಡ.

ನರ್ಸಮ್ಮ ಸಾಕು ಎಂದರು. ಕೊಡತಿಗಳು ಕೆಳಗಿಳಿದವು. ಅವರು ಒಳಗಿನಿಂದ ಎರಡು ಬಿದಿರು ದಬ್ಬೆ, ಬಟ್ಟೆ ತಂದು ನಾಗೇಂದ್ರನ ಪಕ್ಕ ಕೂತು ಅವನ ಕೈಗೆ ದಬ್ಬೆ ಕಟ್ಟಿದರು. ಅವನು ಹಲ್ಲು ಕಡಿಯುತ್ತಾ ಅಳುತ್ತಿದ್ದ. ಕಟ್ಟುತ್ತಾ ಅವರು ಅವನಿಗೆ ಹೇಳಿದ್ದು ಇಷ್ಟೇ:

“ಈ ನೋವು ಒಂದೂವರೆ ತಿಂಗ್ಳಿಗೆ ಹೋಗುತ್ತೆ. ಅವಳದು ಎಷ್ಟು ದಿನ ಅಂತ ನಂಗೂ ಗೊತ್ತಿಲ್ಲಪ್ಪ.”

ಅವರು ಮತ್ತೆ ಬರಲಿಲ್ಲ. ವರ್ಷದೊಳಗೆ ನಾಗೇಂದ್ರ ಇನ್ನೊಂದು ಮದುವೆಯಾದ. ಗಂಡನ ಮೇಲೆ ಕೈ ಮಾಡಿದವಳು ಎಂದು ಅಜ್ಜಿ ಸಾಯುವ ತನಕ ಮಗಳ ಜೊತೆ ಮಾತಾಡಲಿಲ್ಲ. ಚಿಕ್ಕಮ್ಮ ಹಗರೆಯಲ್ಲೇ ನರ್ಸಮ್ಮನ ಕೈಕೆಳಗೆ ಬ್ಯಾಂಡೇಜು ಕಟ್ಟುವುದು, ಬಾಣಂತಿಯರನ್ನು ನೋಡಿಕೊಳ್ಳುವುದು ಕಲಿತು, ಆಮೇಲೆ ಬೇಲೂರಿನಲ್ಲಿ ಶಿಶುವಿಹಾರದ ಆಯಾ ಆದಳು. ಪೂರ್ತಿ ವಾಸಿಯಾದಳು ಅನ್ನಲಾರೆ. ನನ್ನ ಮದುವೆಯಲ್ಲಿ ಮಂಗಳಾರತಿಯ ಹೊತ್ತಿಗೆ ಛತ್ರದಿಂದ ಹೊರಗೆ ಹೋಗಿ, ಕರ್ಪೂರದ ವಾಸನೆ ಆರಿದ ಮೇಲೆ ಬಂದು ಅಕ್ಷತೆ ಹಾಕಿದಳು.

ಈಗ ಹಾಸನದಲ್ಲಿ ಇಂಥ ಮಾತು ಕೇಳಲೆಂದೇ ಡಾಕ್ಟರುಗಳಿದ್ದಾರೆ. ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಕೇಳುತ್ತಾರೆ, ಒಳ್ಳೆಯದೇ. ನರ್ಸಮ್ಮ ಹೋಗಿ ಬಹಳ ವರ್ಷವಾಯಿತು. ರಸ್ತೆ ಅಗಲ ಮಾಡುವಾಗ ಅಂಗಳವೂ ಮರಗಳೂ ಹೋದವು. ಈರಮ್ಮ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ತಿಳಿಯದು. ಅಪ್ಪ, ಅಮ್ಮ ಇಲ್ಲ.

ಹೋದ ವರ್ಷ ಬೇಲೂರಿಗೆ ಹೋಗಿದ್ದೆ. ಚಿಕ್ಕಮ್ಮ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ನಾನೂ ಕೈ ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆ ಕೇಳಿದಳು.

“ಗಿರಿಜಾ, ಪೆಟ್ಟು ಒಂದೊಂದೂ ನೆನಪೈತೆ ಕಣೇ. ಎಷ್ಟನೇದು ಎಲ್ಲಿಗೆ ಬಿತ್ತು ಅಂತ್ಲೂ ಹೇಳ್ತೀನಿ. ಮಗೀನ ಮುಖ ಮಾತ್ರ ಬರ್ತಾನೇ ಇಲ್ಲ. ನೀನು ನೋಡಿದ್ದೆ ಅಲ್ವಾ, ಹೆಂಗಿತ್ತು?”

ನೋಡಿದ್ದೆ. ಮೂರು ದಿನವೂ ತೊಟ್ಟಿಲ ಪಕ್ಕದಲ್ಲೇ ಕೂತಿದ್ದೆ. ಆದರೆ ಕಣ್ಣು ಮುಚ್ಚಿ ಎಷ್ಟು ಹುಡುಕಿದರೂ ಅಪ್ಪನ ಕೈಯಲ್ಲಿದ್ದ ಪಂಚೆಯ ತುಂಡು ಬಿಟ್ಟು ಬೇರೇನೂ ಸಿಗಲಿಲ್ಲ. ಸುಳ್ಳು ಹೇಳಬಹುದಿತ್ತು, ನಿನ್ನ ಹಾಗೇ ಇತ್ತು ಎಂದು. ಬಾಯಿ ಬರಲಿಲ್ಲ. ಆ ಮಗುವನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ನಾವಿಬ್ಬರೇ. ಇಬ್ಬರಿಗೂ ಅದರ ಮುಖ ನೆನಪಿಲ್ಲ.