ಬೆನ್ನು ತಿರುಗಿಸಿ ನಿಂತ ಜುಮಾಲಿ

ನರೀನ್ ಪೇಟೆಯ ಅತಿ ಪ್ರಸಿದ್ಧ ಬಿಳಿ ಕುದುರೆ ಇದ್ದದ್ದು ತುರ್ದಾಕುನನ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನೊಳಗೆ. ಅರವತ್ತು ತುಂಬಿದವರು, ಮೊಮ್ಮಗನ ಮೊದಲ ಹೆಜ್ಜೆಗೆ ಊಟ ಹಾಕಿಸುವವರು, ಸತ್ತು ವರ್ಷವಾದವರು, ಎಲ್ಲರೂ ಅದೇ ಕುದುರೆ ಏರಿ, ಅದೇ ಕಸೂತಿಯ ನಿಲುವಂಗಿ ತೊಟ್ಟು, ಅದೇ ಹದ್ದನ್ನು ಕೈಮೇಲೆ ಕೂರಿಸಿಕೊಂಡು ಹೊರಡುತ್ತಿದ್ದರು. ತಲೆ ಮಾತ್ರ ಅವರವರದು. ಆ ತಲೆ ಕೂರಿಸುವ ಕೆಲಸ ಬುರುಲಳದು.

"ಏನ್ ಕೆಲಸ ಮಾಡ್ತಿದ್ದೀಯಮ್ಮಾ ಈಗ?" ಎಂದು ಕೇಳಿದವರಿಗೆಲ್ಲ "ತಲೆ ಬದಲಾಯಿಸ್ತೀನಿ" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೆ ಆ ಮಾತು ಅವಳನ್ನೇ ಚುಚ್ಚುತ್ತಿತ್ತು.

ಚಿತ್ರದ ಹುಚ್ಚು ಅವಳಿಗೆ ಹತ್ತಿದ್ದು ಅಮ್ಮನ ಶಿರ್ದಾಕ್ ಜಮಖಾನೆಯ ಮೇಲೆ. ಕರಿ ಉಣ್ಣೆಯ ಹಾಸು, ಬಿಳಿ ಉಣ್ಣೆಯ ಹಾಸು ಎರಡನ್ನೂ ಒಂದರ ಮೇಲೊಂದಿಟ್ಟು ಅಮ್ಮ ಒಂದೇ ಚಾಕುವಿನಲ್ಲಿ ಟಗರುಕೊಂಬಿನ ಆಕಾರ ಕತ್ತರಿಸುತ್ತಿದ್ದಳು. ಕರಿಯದರಿಂದ ಬಿದ್ದ ತುಂಡು ಬಿಳಿಯದರ ಗುಂಡಿಗೆ, ಬಿಳಿಯದು ಕರಿಯದಕ್ಕೆ. ಒಂದು ಚೂರೂ ದಂಡವಿಲ್ಲ, ಎರಡು ಜಮಖಾನೆ ತಯಾರು. ಪುಟ್ಟ ಬುರುಲ್ ಅದರ ಮೇಲೆ ಬೋರಲು ಮಲಗಿ, ಇದರಲ್ಲಿ ಚಿತ್ರ ಯಾವುದು, ಖಾಲಿ ಜಾಗ ಯಾವುದು ಎಂದು ಬೆರಳಾಡಿಸುತ್ತಲೇ ನಿದ್ದೆ ಹೋಗುತ್ತಿದ್ದಳು. ಮುಂದೆ ರಾಜಧಾನಿ ಬಿಷ್ಕೇಕಿನ ಕಾಲೇಜಿನಲ್ಲಿ ಮೇಷ್ಟರು ಇದನ್ನೇ ದೊಡ್ಡ ದೊಡ್ಡ ಹೆಸರಿಟ್ಟು ಹೇಳಿಕೊಟ್ಟರು.

ಬಿಷ್ಕೇಕಿನ ಜಾಹೀರಾತು ಕಂಪನಿಯಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಒಂದು ದಿನ ಬೆಟ್ಟಿಂಗಿನವರ ಕೆಲಸ ಬಂತು. ತಾತನ ಹೆಗಲೇರಿದ ಮೊಮ್ಮಗ, ಅವನ ತಲೆಯ ಮೇಲೆ ನಮ್ಮ ಬಿಳಿ ಕಲ್ಪಾಕ್ ಟೊಪ್ಪಿ, ಕೈಯಲ್ಲಿ ಬಾಜಿ ಕಟ್ಟುವ ಮೊಬೈಲು. ಬುರುಲ್ ಬೆಳಗಿನಿಂದ ಸಂಜೆಯವರೆಗೆ ಬಿಳಿ ಪರದೆ ನೋಡುತ್ತ ಕೂತಳು. ಆಮೇಲೆ "ಈ ಕೈಯಲ್ಲಿ ಇದಾಗಲ್ಲ" ಎಂದು ಎದ್ದು ಊರಿಗೆ ಬಂದುಬಿಟ್ಟಳು. ಬಂದದ್ದು ಸರಿ, ಆದರೆ ಮರ್ಯಾದೆಯಿಂದ ಸಿಕ್ಕಿದ ಕೆಲಸ ಇದೊಂದೇ, ತಲೆ ಬದಲಾಯಿಸುವುದು.

ಒಮ್ಮೆ ಸೋದರಮಾವನ ಹಳ್ಳಿಗೆ ಹೋದಾಗ ಅವಳದೇ ಫ್ಲೆಕ್ಸು ಹುಲ್ಲಿನ ಬಣವೆಗೆ ಹೊದಿಕೆಯಾಗಿತ್ತು. ಇಲ್ಲಿ ಎಲ್ಲ ಫ್ಲೆಕ್ಸಿನ ಗತಿಯೂ ಅದೇ; ಔತಣ ಮುಗಿದ ಮಾರನೆಯ ದಿನ ಬಣವೆ ಹತ್ತುತ್ತದೆ. ನಿವೃತ್ತ ಹೆಡ್‌ಮಾಸ್ಟರು ಕುದುರೆ ಸಮೇತ ತಲೆಕೆಳಗಾಗಿ ನೇತಾಡುತ್ತಿದ್ದರು, ಕರುವೊಂದು ಅವರ ಮೀಸೆ ನೆಕ್ಕುತ್ತಿತ್ತು. ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಬುರುಲ್ ಕೂಡ ನಕ್ಕಳು, ಮನೆಗೆ ಬಂದು ಅತ್ತಳು.

ಅದೇ ವಾರ ಬಿಷ್ಕೇಕಿನಿಂದ ಹಳೆಯ ಯಜಮಾನನ ಫೋನು. "ಬೆಟ್ಟಿಂಗ್ ಸಹವಾಸ ಬಿಟ್ಟಾಯ್ತು ಕಣಮ್ಮಾ, ಈಗ ಬಿಸ್ಕತ್ತು. ಚಳಿಗಾಲ ಬರೋದರೊಳಗೆ ಬರ್ತೀಯಾ ಇಲ್ವಾ ಹೇಳು." ಬುರುಲ್ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿ ಫೋನಿಟ್ಟಳು. ಮನಸ್ಸಿನಲ್ಲಿ ಮಾತ್ರ ಗಂಟುಮೂಟೆ ಕಟ್ಟಿಯಾಗಿತ್ತು.

ಆಗ ಅಂಗಡಿಗೆ ಬಂದವಳು ಕುಲಿಪಾ ಅಜ್ಜಿ. ಮೈತುಂಬ ಕಪ್ಪು ಬಟ್ಟೆ; ಗಂಡ ಹೋಗಿ ವರ್ಷವಾಗುತ್ತ ಬಂದಿತ್ತು, ವರ್ಷದೂಟದ ದಿನ ಆ ಕಪ್ಪು ಕಳಚಬೇಕು. ಜೊತೆಗೆ ಮಗ ಮೆಲಿಸ್.

"ಹೆಸರು ಏನಂತ ಹಾಕಲಿ ಅಜ್ಜೀ?" ಎಂದಳು ಬುರುಲ್.

ಅಜ್ಜಿ ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಅಡ್ಡ ಹಿಡಿದಳು. "ನಾನ್ ಹೆಂಗ್ ಹೇಳ್ಲಿ ಮಗಳೇ? ಮದುವೆಯಾದಾಗ್ನಿಂದ ಬಾಯಲ್ಲಿ ತಂದಿಲ್ಲ. ಇವನೇ ಹೇಳ್ತಾನೆ."

"ಜುಮಾಲಿ," ಎಂದ ಮೆಲಿಸ್. ಗುರುತಿನ ಚೀಟಿಯ ಫೋಟೋ ಮುಂದಿಟ್ಟ. "ಬಿಳಿ ಕುದುರೆ, ಹದ್ದು, ಹಿಂದೆ ಹಿಮದ ಬೆಟ್ಟ. ಚೆನ್ನಾಗ್ ಬರ್ಲಿ."

ಅಜ್ಜಿ ಆ ಫೋಟೋ ನೋಡಿ ಮೂಗು ಮುರಿದಳು. "ಪೊಲೀಸ್ ಹಿಡ್ಕೊಂಡ್ ಬಂದೋರ ಥರ ಇದಾರೆ. ಹದ್ದು ಬೇರೆ! ಕೋಳಿ ಕಂಡ್ರೂ ಹೆದರ್ತಿದ್ರು." ಅಂಗಿಯ ಎದೆಯೊಳಗಿಂದ ಇನ್ನೊಂದು ಫೋಟೋ ತೆಗೆದಳು. ಕುರಿ ಮರಿ ಹಾಕುವ ಕಾಲದ್ದು. ಕ್ಯಾಮೆರಾ ಕಂಡ ಕೂಡಲೆ ಜುಮಾಲಿ ನಾಚಿ ತಿರುಗಿ ನಿಂತಿದ್ದ. ಬಾಗಿದ ಬೆನ್ನು, ಒಂದು ಕಡೆ ಇಳಿದ ಭುಜ, ಕಂಕುಳ ಸಂದಿಯಿಂದ ಇಣುಕುವ ಮರಿಯ ಎರಡು ಕಿವಿ. "ಇದರಿಂದ ಏನಾದ್ರೂ ಮಾಡಕ್ಕಾಗುತ್ತಾ? ಒಂದೇ ಒಂದ್ಸಲ ನೋಡ್ಬೇಕು ಅವರನ್ನ."

"ಅಮ್ಮಾ, ಅದರಲ್ಲಿ ಮುಖಾನೇ ಇಲ್ವಲ್ಲ!" ಎಂದು ಮಗ ರೇಗಿದ.

ಮುಂದಿನ ಮೂರು ದಿನ ಬುರುಲ್ ಬಿಳಿ ಕುದುರೆಯನ್ನು ಮುಟ್ಟಲಿಲ್ಲ. ಜುಮಾಲಿಯ ಬೆನ್ನನ್ನು ಅಮ್ಮನ ಚಾಕುವಿನ ಹಾಗೆ ಕತ್ತರಿಸಿದಳು. ಎರಡೇ ಬಣ್ಣ. ಕಂದು ನೆಲದಲ್ಲಿ ಬಿಳಿ ಮನುಷ್ಯ, ಅವನ ತೋಳಿನಲ್ಲಿ ಕಂದು ಮರಿ. ಮುಖವಿಲ್ಲ, ಕುದುರೆಯಿಲ್ಲ. ಕೆಳಗೆ ಚಿಕ್ಕದಾಗಿ ಹೆಸರು. ಇಷ್ಟು ಖುಷಿಯಿಂದ ಕೆಲಸ ಮಾಡಿ ಎಷ್ಟು ಕಾಲವಾಗಿತ್ತೋ.

ತುರ್ದಾಕುನ್ ತಲೆ ಮೇಲೆ ಕೈ ಹೊತ್ತ. "ಹದ್ದಾದ್ರೂ ಹಾಕಬಾರದಿತ್ತಾ ತಾಯಿ?" ಅಜ್ಜಿಯ ಜೊತೆ ಬಂದ ಮೆಲಿಸ್ ಕೆಂಡವಾದ. "ನಮ್ಮಪ್ಪನಿಗೆ ಮುಖ ಇರ್ಲಿಲ್ವಾ? ಊರೆಲ್ಲ ಸೇರೋ ಊಟದಲ್ಲಿ ನಮ್ಮ ಮರ್ಯಾದೆ ತೆಗೀಬೇಕು ಅಂತಾನಾ?"

ಅಜ್ಜಿ ಮಾತ್ರ ಫ್ಲೆಕ್ಸಿನ ಹತ್ತಿರ ಹೋಗಿ ಆ ಇಳಿದ ಭುಜದ ಮೇಲೆ ಅಂಗೈ ಇಟ್ಟಳು.

"ಮುಖ ಎತ್ತಿ ಎಲ್ಲಿ ನೋಡಿದ್ನೋ ನಾನು ಅವರನ್ನ," ಎಂದಳು. "ಅವರು ಮುಂದೆ, ನಾನು ಹಿಂದೆ. ಬೇಸಿಗೆ ಹುಲ್ಲುಗಾವಲಿಗೆ ಹೋಗ್ತಾನೂ ಹಂಗೆ, ಬರ್ತಾನೂ ಹಂಗೆ. ಈ ಬೆನ್ನೇ ಕಣೋ ನಂಗೆ ಗೊತ್ತಿರೋದು." ಮಗ ಫ್ಲೆಕ್ಸನ್ನು ಸುರುಳಿ ಸುತ್ತಿ ಹೆಗಲಿಗೇರಿಸಿದ.

ವರ್ಷದೂಟಕ್ಕೆ ಬುರುಲ್ ಹೋಗಲಿಲ್ಲ, ಧೈರ್ಯ ಸಾಲಲಿಲ್ಲ. ಮುದುಕ ಕುರುಬರು ಫ್ಲೆಕ್ಸಿನ ಮುಂದೆ ಟೊಪ್ಪಿ ತೆಗೆದು ನಿಂತರಂತೆ, "ನಮ್ಮ ಜುಮಾಲಿನೇ, ಈಗ್ಲೂ ನಾಚ್ಕೋತಾನೆ" ಎಂದು ಒಬ್ಬ ಅತ್ತನಂತೆ. ಕೇಳಿದ ಸುದ್ದಿ. ನಂಬಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

ಮೊದಲ ಹಿಮ ಬಿತ್ತು. ಬಿಷ್ಕೇಕಿನ ಫೋನು ಮತ್ತೆ ಬಂತು. ನಾಳೆ ಹೇಳುತ್ತೇನೆ ಎಂದು ಫೋನಿಟ್ಟು, ಹೋಗುವ ಮುಂಚೆ ಅಜ್ಜಿಗೆ ಆ ಹಳೆಯ ಫೋಟೋ ವಾಪಸು ಕೊಟ್ಟುಬರೋಣವೆಂದು ಬುರುಲ್ ಹಳ್ಳಿಯ ವ್ಯಾನು ಹತ್ತಿದಳು.

ಅಜ್ಜಿಯ ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟಳು. ಜುಮಾಲಿ ಬಣವೆಯ ಮೇಲಿದ್ದ. ಹೆಡ್‌ಮಾಸ್ಟರಿಗೆ ಆದದ್ದೇ ಇವನಿಗೂ ಆಯಿತಲ್ಲ ಎಂದು ಕಣ್ಣು ತುಂಬಿತು.

ಬಣವೆಯ ಪಕ್ಕದಿಂದ ಕುಲಿಪಾ ಅಜ್ಜಿ ಬಂದಳು. ತಲೆಗೆ ಈಗ ಬಿಳಿ ವಸ್ತ್ರ, ಕೈಯಲ್ಲಿ ಪೊರಕೆ. "ಬಾ ಮಗಳೇ, ಬೊರ್ಸೊಕ್ ಕರ್ದಿದ್ದೀನಿ, ಟೀ ಬಿಸಿ ಇದೆ. ಏನ್ ಹಂಗ್ ನೋಡ್ತಿದ್ದೀಯಾ? ಮಗ ಗೋಡೆಗೆ ಹಾಕೋಣ ಅಂದ. ನಾನೇ ಬೇಡ ಅಂದೆ. ಹಿಮ ಬಿದ್ದ ದಿನ ಅವರು ಯಾವತ್ತು ಮನೆಯೊಳಗೆ ಕೂತಿದ್ರು? ಹುಲ್ಲು ನೆನೆದ್ರೆ ಕುರಿ ಏನ್ ತಿನ್ಬೇಕು?"

ಬುರುಲ್ ಮತ್ತೆ ನೋಡಿದಳು. ಫ್ಲೆಕ್ಸು ತಲೆಕೆಳಗಾಗಿರಲಿಲ್ಲ. ಅಂಚು ಎಳೆದು ನೇರವಾಗಿ, ಬಿಗಿಯಾಗಿ ಕಟ್ಟಿದ್ದರು. ಬೆನ್ನು ಬಾಗಿಸಿದ ಮನುಷ್ಯ ಬಣವೆಯನ್ನು ಕಾಯುತ್ತಿದ್ದ, ಕೆಳಗೆ ಕುರಿಗಳು ಬೆಚ್ಚಗೆ ಒತ್ತಿಕೊಂಡು ನಿಂತಿದ್ದವು.

"ಬಿಷ್ಕೇಕಿಗೆ ಹೊರಟ್ಯಂತೆ?" ಎಂದಳು ಅಜ್ಜಿ.

"ಇಲ್ಲ ಅಜ್ಜೀ," ಎಂದಳು ಬುರುಲ್. ಹೇಳಿದ ಮೇಲೆಯೇ ಅವಳಿಗೂ ಗೊತ್ತಾದದ್ದು.

ಅಜ್ಜಿ ತಲೆಯಾಡಿಸಿ, ಪೊರಕೆ ಎತ್ತಿ, ಗಂಡನ ಭುಜದ ಮೇಲೆ ಕೂತಿದ್ದ ಹಿಮವನ್ನು ಮೆಲ್ಲಗೆ ಗುಡಿಸಿದಳು. ಮೇಲಿನ ಭುಜ ಅವಳಿಗೆ ಎಟುಕಲಿಲ್ಲ. ಬುರುಲ್ ಪೊರಕೆ ಇಸಿದುಕೊಂಡಳು.