ಇಲ್ಲ ಎನ್ನಬೇಕಿದ್ದ ಸಾಲು

ಮುರಿದದ್ದು ಅಣ್ಣನ ಮೂಗು. ಆದರೆ ಅಪ್ಪನ ಗುದ್ದು ಹೊರಟಿದ್ದು ಅವಳ ಕಡೆಗೆ. ಅಣ್ಣ ನಡುವೆ ಬಂದ, ಅಷ್ಟೆ.

ಲಾರಿ ಓಡಿಸುತ್ತಿದ್ದ ಅಪ್ಪ ಮನೆಯಲ್ಲಿದ್ದ ದಿನಗಳಲ್ಲಿ ಎಲ್ಲ ಪ್ರಶ್ನೆಗೂ ಒಂದೇ ಉತ್ತರವಿತ್ತು. ಬಾಗಿಲು ತೆರೆದಿಟ್ಟವಳು ನೀನೇ ತಾನೆ? ಹೂಂ. ತಪ್ಪು ನಿಂದೇ ತಾನೆ? ಹೂಂ. ಇಲ್ಲ ಎಂದರೆ ಬೆಲ್ಟು ಸೊಂಟ ಬಿಟ್ಟು ಹೊರಗೆ ಬರುತ್ತಿತ್ತು. ಹೂಂ ಎಂದರೂ ಬರುತ್ತಿತ್ತು, ಆದರೆ ನಿಧಾನವಾಗಿ. ಆ ನಿಧಾನದಲ್ಲಿ ಮಂಚದ ಕೆಳಗೆ ನುಸುಳಬಹುದಿತ್ತು. ಏಟು ಕೈಯಲ್ಲಿ ಹುಟ್ಟುವುದಿಲ್ಲ, ಹೆಗಲಲ್ಲಿ ಹುಟ್ಟುತ್ತದೆ ಎಂದು ಅವಳು ಕಲಿತದ್ದು ಅಲ್ಲಿಂದಲೇ, ಮಂಚದ ಕೆಳಗಿನ ಕತ್ತಲೆಯಿಂದ ನೋಡುತ್ತ ನೋಡುತ್ತ.

ರೇಖಾಗಣಿತ ಕಲಿತದ್ದೂ ಅಲ್ಲೇ. ದತ್ತ, ಸಾಧನೀಯ, ರಚನೆ, ಸಾಧನೆ. ಪ್ರತಿ ಹೆಜ್ಜೆಯ ಪಕ್ಕದಲ್ಲೂ ಕಾರಣ ಬರೆದಿರಬೇಕು. ಕಾರಣವಿಲ್ಲದೆ ಏನೂ ನಡೆಯದ ಒಂದು ಜಾಗ ಲೋಕದಲ್ಲಿದೆ ಎಂದು ತಿಳಿದ ದಿನ ಆ ಹುಡುಗಿ ಬಾಯಿಗೆ ಲಂಗ ಒತ್ತಿಕೊಂಡು ಅತ್ತಿದ್ದಳು. ಗುಣಿಸಿದ್ದು, ಭಾಗಿಸಿದ್ದು ಮರೆತವರಿಗೂ ಅಂಥ ಅಳು ಅರ್ಥವಾಗುತ್ತದೆ.

ದೊಡ್ಡವಳಾದ ಮೇಲೆ ಅವಳಿಗೆ ಸಿಕ್ಕ ಕೆಲಸವೂ ಅದೇ ಜಾಗದ್ದು. ಟೈರು ಪಂಕ್ಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಪ್ಲೈವುಡ್ ಹಲಗೆ ನಿಲ್ಲಿಸಿ ವಿಭಾಗಿಸಿದ ಒಂದು ಕಚೇರಿ. ಅಲ್ಲಿ ಒಂದು ತಂತ್ರಾಂಶವನ್ನು ಸಾಕುತ್ತಿದ್ದರು. ಒಂದು ಮಾತು ನಿಜವೆಂದು ತೋರಿಸುವ ಸಾಧನೆಯೊಂದನ್ನು ಅದರ ಮುಂದಿಟ್ಟರೆ ಹೆಜ್ಜೆಹೆಜ್ಜೆಯನ್ನೂ ಹಿಂಡಿ ನೋಡಿ, ಸರಿಯಿದ್ದರೆ 'ಒಪ್ಪಿದೆ' ಅನ್ನುತ್ತದೆ, ಇಲ್ಲದಿದ್ದರೆ 'ಇಲ್ಲ' ಅನ್ನುತ್ತದೆ. ಯಂತ್ರ ಮಾಡುವವರು ತಮ್ಮ ಯಂತ್ರ ಯಾರನ್ನೂ ಕೊಲ್ಲುವುದಿಲ್ಲ ಎಂಬುದನ್ನು ಸಾಧಿಸಿ ತರುತ್ತಿದ್ದರು. ತಂತ್ರಾಂಶ ಒಪ್ಪಿದ ಮೇಲೆ ಯಂತ್ರ ಕಾರ್ಖಾನೆಗೆ ಹೋಗುತ್ತಿತ್ತು. ಒಪ್ಪುವ, ಒಪ್ಪದಿರುವ ಅಧಿಕಾರವೆಲ್ಲ ಒಳಗಿನ ಒಂದು ಸಣ್ಣ ಭಾಗದಲ್ಲಿತ್ತು. ಅದನ್ನು ತಿರುಳು ಎಂದು ಕರೆಯುತ್ತಿದ್ದರು. ತಿರುಳಿನ ಕಂಪ್ಯೂಟರ್ ಕೋಡು ಹಳೆಯದು, ಗಂಟು ಗಂಟು. ಹೊರಗಿನ ನಡತೆ ಒಂದಿಷ್ಟೂ ಬದಲಾಗದ ಹಾಗೆ ಒಳಗನ್ನು ಬಿಚ್ಚಿ ಮತ್ತೆ ಜೋಡಿಸುವುದು ಅವಳ ಕೆಲಸ. ಬೇಡದ್ದನ್ನು ಕತ್ತರಿಸುತ್ತಿದ್ದಳಾದ್ದರಿಂದ ಅವಳ ಹೆಸರೇ ಕತ್ತರಿ ಎಂದಾಯಿತು.

ಆ ಕಚೇರಿಯ ಮಾತೆಲ್ಲ ಕಸಾಯಿಖಾನೆಯದು. ಕೊಲ್ಲು, ಕಡಿ, ಕಿತ್ತು ಬಿಸಾಕು. ಸತ್ತ ಕೋಡು, ಅನಾಥ ಕೋಡು. ಯಜಮಾನನನ್ನು ಬೆನ್ನ ಹಿಂದೆ ಗುಡುಗು ಎನ್ನುತ್ತಿದ್ದರು. ತಿರುಳಿನ ಮೊದಲ ಸಾಲು ಬರೆದವನು ಅವನೇ. ಬುದ್ಧಿ ಕತ್ತಿಯಂತೆ, ಕೈಯೂ ಹಾಗೇ. ಲೋಟ, ಸ್ಟೇಪ್ಲರು, ಒಮ್ಮೆ ತನ್ನ ಬಲಗಾಲಿನ ಬೂಟು, ಕೈಗೆ ಸಿಕ್ಕಿದ್ದು ಗಾಳಿಯಲ್ಲಿರುತ್ತಿತ್ತು. ಲೆಕ್ಕ ನೋಡುವವನ ಬೆರಳನ್ನು ಮೇಜಿನ ಡ್ರಾಯರಿನಲ್ಲಿಟ್ಟು ಮುಚ್ಚಿದ್ದನ್ನು ಎಲ್ಲರೂ ನೋಡಿದ್ದರು. ಆಮೇಲೆ ಎಲ್ಲರೂ ನೋಡಿಲ್ಲ ಅಂದಿದ್ದರು.

"ಕತ್ತರಿ, ನಿಂಗೆ ಭಯ ಆಗಲ್ವಾ?" ಎಂದು ಪಕ್ಕದವಳು ಕೇಳಿದರೆ, "ನಮ್ಮಪ್ಪನ ಮುಂದೆ ಇವರು ಸಂಗೀತದ ಮೇಷ್ಟ್ರು ಕಣೇ" ಎಂದು ನಗುತ್ತಿದ್ದಳು. ಅವನು ಏನು ಹೇಳಿದರೂ ಹೂಂ ಎನ್ನುತ್ತಿದ್ದಳು. ಆ ಹೂಂ ಅವಳಿಗೆ ಉಸಿರಿನಷ್ಟೇ ಸಲೀಸು.

ಅವಳ ಅಣ್ಣ ತಗಡಿನ ಕಾರ್ಖಾನೆಯಲ್ಲಿ ಪ್ರೆಸ್ ನಡೆಸುತ್ತಿದ್ದ. ಉಕ್ಕಿನ ತಗಡನ್ನು ಒಂದೇ ಏಟಿಗೆ ಬೋಗುಣಿ ಮಾಡುವ ಯಂತ್ರ. ಜೊತೆಗಾರ ತಗಡನ್ನು ಕೈಯಿಂದ ಒಳಗಿಡುತ್ತಾನೆ, ಅಣ್ಣ ಪೆಡಲ್ ಒತ್ತುತ್ತಾನೆ, ಮೇಲಿನ ಭಾರ ಧಡಕ್ಕನೆ ಇಳಿಯುತ್ತದೆ. ಜೊತೆಗಾರನನ್ನು ಎಲ್ಲರೂ ಹಾಡುಗಾರ ಎನ್ನುತ್ತಿದ್ದರು. ಆ ಗದ್ದಲದಲ್ಲಿ ಯಾರಿಗೂ ಕೇಳಿಸದಿದ್ದರೂ ದಿನವಿಡೀ ಹಾಡುತ್ತಿದ್ದ. ಹಳೆಯ ಪ್ರೆಸ್ಸಿಗೆ ಕಬ್ಬಿಣದ ಗೇಟಿತ್ತು; ಅದು ಮುಚ್ಚದೆ ಭಾರ ಇಳಿಯುತ್ತಿರಲಿಲ್ಲ. ಬರಲಿದ್ದ ಹೊಸ ಪ್ರೆಸ್ಸಿಗೆ ಗೇಟಿಲ್ಲ, ಬೆಳಕಿನ ಪರದೆ. ಕೈ ಅಡ್ಡ ಬಂದರೆ ಭಾರ ಇಳಿಯುವುದಿಲ್ಲ ಎಂದು ಸಾಧಿಸಿದ್ದಾರೆ, ಆ ಸಾಧನೆ ಅವಳ ತಿರುಳನ್ನು ದಾಟಿಯೇ ಬರಬೇಕು. ಇದು ಗೊತ್ತಾದಾಗ ಅವಳಿಗೆ ಹಿಗ್ಗು. ಅಣ್ಣನ ಹತ್ತು ಬೆರಳೂ ಅವಳಿಗೆ ಬೇಕಿದ್ದವು, ಅವನ ಜೊತೆಗಾರನವೂ.

"ನೀನು ನೋಡಿದ್ದೀಯ ಅಂದ್ಮೇಲೆ ಕಣ್ಮುಚ್ಚಿ ಒತ್ತಬಹುದು ಬಿಡು ಪುಟ್ಟಿ" ಅಂದಿದ್ದ ಅಣ್ಣ.

ಹೊಸದಾಗಿ ಜೋಡಿಸಿದ ತಿರುಳು ಹಳೆಯದಕ್ಕಿಂತ ಚಿಕ್ಕದಾಯಿತು, ಚುರುಕಾಯಿತು. ಇದುವರೆಗೆ ಒಪ್ಪಿದ್ದ ಸಾಧನೆಗಳನ್ನೆಲ್ಲ ಅದರ ಬಾಯಿಗೆ ಸುರಿದರು. ಎಲ್ಲಕ್ಕೂ 'ಒಪ್ಪಿದೆ' ಬಂತು. ಗುಡುಗು ಅವಳ ಬೆನ್ನಿಗೆ ಗುದ್ದಿ ಶಹಬ್ಬಾಸ್ ಅಂದ. ಆ ಗುದ್ದಿನ ನೋವು ಸಂಜೆಯವರೆಗೂ ಇತ್ತು. ಪ್ರೆಸ್ಸಿನವರ ಸಾಧನೆಯೂ ಅದರಲ್ಲೇ ಪಾಸಾಯಿತು.

ಹೊಸ ಪ್ರೆಸ್ ಶುರುವಾದ ದಿನ ಬೆಳಿಗ್ಗೆ ಅವಳು ಬೇರೇನನ್ನೋ ಟೈಪು ಮಾಡುತ್ತಿದ್ದಳು. ಅರ್ಧಕ್ಕೆ ಕೈಬಿಟ್ಟ ಒಂದು ಸಾಧನೆ. ಅದರಲ್ಲಿ ಸುಳ್ಳಿತ್ತು, ಗೊತ್ತಿದ್ದೇ ಬಿಟ್ಟಿದ್ದ ಸುಳ್ಳು. ಅದನ್ನು ಕೊಟ್ಟರೂ ತಿರುಳು ಒಂದು ಕ್ಷಣವೂ ಯೋಚಿಸದೆ 'ಒಪ್ಪಿದೆ' ಅಂದಿತು.

ಸೊನ್ನೆಯೂ ಒಂದೂ ಒಂದೇ ಎಂದುಕೊಳ್ಳೋಣ, ಆದ್ದರಿಂದ ಎರಡೂ ಒಂದೇ ಎಂದು ಬರೆದು ಕೊಟ್ಟಳು. ಒಪ್ಪಿದೆ.

ಕಾರಣ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಳೆಯ ತಿರುಳಿನಲ್ಲಿ ಅವಳಿಜವಳಿಯಂತೆ ಕಾಣುವ ಎರಡು ತುಂಡುಗಳಿದ್ದವು. ಒಂದೇ ಕೆಲಸಕ್ಕೆ ಇಬ್ಬರೇಕೆ ಎಂದು ಅವಳು ಒಂದನ್ನು ಕತ್ತರಿಸಿದ್ದಳು. ಕತ್ತರಿಸಿದ್ದರಲ್ಲಿ ಒಂದು ಸಾಲು ಹೆಚ್ಚಿಗೆ ಇತ್ತು. ಸಾಧನೆಯ ನಡುವೆ 'ಹೀಗಿದೆ ಎಂದುಕೊಳ್ಳೋಣ' ಎಂದು ಊಹಿಸಬಹುದು, ಆದರೆ ಆ ಊಹೆಯನ್ನು ಅಲ್ಲೇ ಕಳಚಿಟ್ಟು ಹೊರಬರಬೇಕು. ಕಳಚದೆ ಬಂದವರನ್ನು ಬಾಗಿಲಲ್ಲಿ ತಡೆದು 'ಇಲ್ಲ' ಎನ್ನುವ ಸಾಲು ಅದು. ಅದು ಹೋದದ್ದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಅವರು ಪರೀಕ್ಷೆಗಿಟ್ಟದ್ದೆಲ್ಲ ಸರಿಯಾದ ಸಾಧನೆಗಳನ್ನೇ. ತಪ್ಪನ್ನು ಮುಂದಿಟ್ಟು ಇದು ತಪ್ಪೆನ್ನುತ್ತದೆಯೇ ಎಂದು ನೋಡಿರಲಿಲ್ಲ. ಎಲ್ಲಕ್ಕೂ ತಲೆಯಾಡಿಸುವ ಬೊಂಬೆಯೊಂದನ್ನು ಅಲ್ಲಿ ಕೂರಿಸಿದ್ದರೂ ಪಾಸಾಗುತ್ತಿತ್ತು.

ಹಳೆಯ ತಿರುಳಿಗೆ ಪ್ರೆಸ್ಸಿನ ಸಾಧನೆಯನ್ನು ಕೊಟ್ಟಳು. ಇಲ್ಲ, ಅಂದಿತು ಅದು.

ಅಣ್ಣನಿಗೆ ಫೋನು ಮಾಡಿದಳು. ಕೆಲಸದ ಹೊತ್ತಿನಲ್ಲಿ ಅವರ ಫೋನುಗಳೆಲ್ಲ ಲಾಕರಿನಲ್ಲಿರುತ್ತವೆ. ಗುಡುಗಿನ ಕೋಣೆಗೆ ನುಗ್ಗಿದಳು.

"ಸಾರ್, ಕಾರ್ಖಾನೆಯವರಿಗೆ ನೀವೇ ಫೋನ್ ಮಾಡ್ಬೇಕು, ನನ್ನ ಮಾತಿಗೆ ನಿಲ್ಲಿಸಲ್ಲ. ಈಗಲೇ. ಪ್ರೆಸ್ ನಿಲ್ಲಿಸ್ಬೇಕು."

ಅವನು ಕೂತು ಕೇಳಿದ. ಅವನಿಗೆ ಅರ್ಥವಾಯಿತು, ಬೇಗ ಅರ್ಥವಾಯಿತು. ಅದೇ ಭಯಂಕರ.

"ಕೂತ್ಕೋ. ಸಾಲು ವಾಪಸ್ ಹಾಕು. ಮುಂದಿನ ವಾರ ಹೊಸದು ಕಳಿಸೋಣ, ಸದ್ದಿಲ್ಲದೆ. ಈಗ ಬಾಯಿಬಿಟ್ರೆ ನಮ್ಮನ್ನ ಯಾರೂ ನಂಬಲ್ಲ. ತಿಳೀತಾ?"

"ಇಲ್ಲ ಸಾರ್."

"ಏನಂದೆ?"

"ಅಲ್ಲಿ ಜನ ಕೈ ಇಡ್ತಿದ್ದಾರೆ ಸಾರ್."

ಹೆಗಲು ಎದ್ದದ್ದನ್ನು ಅವಳು ನೋಡಿದಳು. ಅಲ್ಲಿ ಮಂಚವಿರಲಿಲ್ಲ. ಕೀಬೋರ್ಡು ಅವಳ ಕಿವಿಯ ಮೇಲೆ ಬಿತ್ತು. ತಲೆಯೊಳಗೆ ಒಂದು ಗಂಟೆ ಬಾರಿಸತೊಡಗಿತು. ಎರಡನೆಯ ಸಲ ಅವನು ಎತ್ತುವಷ್ಟರಲ್ಲಿ ಅವಳು ಅದನ್ನು ಹಿಡಿದು ಕಿತ್ತು, ಅದರಿಂದಲೇ ಅವನ ಹುಬ್ಬಿಗೆ ಬೀಸಿದಳು. ಕೀಲಿಗಳು ಹಲ್ಲುಗಳಂತೆ ನೆಲದ ಮೇಲೆ ಉದುರಿದವು. ಅವನು ಮುಖ ಮುಚ್ಚಿಕೊಂಡು ಗೋಡೆಗೆ ಕುಸಿದ. ಬೆರಳುಗಳ ಸಂದಿನಿಂದ ರಕ್ತ ಇಳಿಯಿತು. "ಹುಚ್ಚಿ! ಹುಚ್ಚಿ!" ಎನ್ನುತ್ತಿದ್ದ, ಪೆಟ್ಟು ತಿಂದ ಮಗುವಿನ ದನಿಯಲ್ಲಿ. ಅವಳಿಗೆ ಕನಿಕರವಾಯಿತು. ಆದರೂ ಮೇಜಿನಿಂದ ಅವನ ಬೈಕಿನ ಕೀಲಿ ಎತ್ತಿಕೊಂಡು ಓಡಿದಳು.

ಕಾರ್ಖಾನೆಯಲ್ಲಿ ಯಂತ್ರಗಳ ಸದ್ದೇ ಇರಲಿಲ್ಲ. ಅಲ್ಲಿಗೇ ಅವಳಿಗೆ ತಿಳಿಯಿತು.

ಹಾಡುಗಾರನನ್ನು ಆಗಲೇ ವ್ಯಾನಿನಲ್ಲಿ ಒಯ್ದಿದ್ದರು. ಪ್ರೆಸ್ಸಿನ ತಳದಲ್ಲಿ ಅರ್ಧಂಬರ್ಧ ಬೋಗುಣಿ, ಅದರಲ್ಲಿ ನೋಡಬಾರದ್ದು. ಜನ ಸುತ್ತುಗಟ್ಟಿ ನಿಂತಿದ್ದರು, ಅವರ ಬೆನ್ನುಗಳ ಆಚೆಯಿಂದ ಹಸಿ ಬಟ್ಟೆ ಒಗೆಯುವಂಥ ಸದ್ದು. ಅವಳು ಬೆನ್ನುಗಳನ್ನು ಸೀಳಿಕೊಂಡು ಹೋದಳು. ಅಣ್ಣ ಒಬ್ಬನ ಎದೆಯ ಮೇಲೆ ಮಂಡಿಯೂರಿದ್ದ. ಕೆಳಗಿದ್ದವನು ಪ್ರೆಸ್ ಕೂರಿಸಿದ ಫಿಟ್ಟರ್. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಹರಿದಿತ್ತು.

"ಸೇಫ್ ಅಂದ್ಯಲ್ಲೋ! ಸೇಫ್ ಅಂದ್ಯಲ್ಲೋ ಬೋಳಿಮಗನೆ!"

"ಕಂಪ್ಯೂಟರ್ ಒಪ್ಪಿತ್ತು ಅಣ್ಣಾ... ದೇವರಾಣೆ ಒಪ್ಪಿತ್ತು..."

"ಕಂಪ್ಯೂಟರಂತೆ! ಪೆಡಲ್ ಒತ್ತಿದ್ದು ಕಂಪ್ಯೂಟರಾ?"

ಯಾರೂ ಬಿಡಿಸುತ್ತಿರಲಿಲ್ಲ. ಕೆಲವರು ಹೊಡಿ ಅನ್ನುತ್ತಿದ್ದರು. ಅಣ್ಣನ ಕೈ ನೆಲ ತಡಕಾಡಿ ತಗಡು ಎಬ್ಬಿಸುವ ಸಲಾಕೆಯನ್ನು ಹಿಡಿಯಿತು. ಹೆಗಲು ಮೇಲೆದ್ದಿತು. ಅದು ಅಪ್ಪನ ಹೆಗಲು.

ಸುಮ್ಮನಿರಬಹುದಿತ್ತು. ಫಿಟ್ಟರ್ ಸತ್ತರೆ ತಪ್ಪು ಅವನ ಜೊತೆಗೇ ಮಣ್ಣಾಗುತ್ತಿತ್ತು, ಅಣ್ಣ ಜೈಲಿಗೆ ಹೋಗುತ್ತಿದ್ದ, ಅವಳು ಟಿಫಿನ್ ಡಬ್ಬಿ ಹಿಡಿದು ಭೇಟಿಗೆ ಹೋಗುವ ಒಳ್ಳೆಯ ತಂಗಿಯಾಗಿ ಉಳಿಯುತ್ತಿದ್ದಳು.

"ಅವನಲ್ಲ ಅಣ್ಣ, ನಾನು!"

ಅಣ್ಣ ತಿರುಗಿ ನೋಡಲಿಲ್ಲ. "ದೂರ ಹೋಗು ಪುಟ್ಟಿ."

ಅವಳು ಸಲಾಕೆಯ ತುದಿ ಹಿಡಿದು ಜೋತುಬಿದ್ದಳು. ಅವನು ಅವಳನ್ನೂ ಸೇರಿಸಿ ಎಳೆದ. ಅಂಗೈ ಸೀಳಿತು, ಬಿಡಲಿಲ್ಲ.

"ಇವನನ್ನ ಉಳಿಸೋಕೆ ಸುಳ್ಳು ಹೇಳ್ತಿದ್ದೀಯ. ನಂಗೊತ್ತು ನೀನು."

"ಸುಳ್ಳಲ್ಲ, ಕೇಳು. 'ಕೈ ಹೊರಗಿದೆ ಅಂದ್ಕೊಳ್ಳೋಣ' ಅಂತ ಇವನ ಕಂಪನಿಯ ಜನ ಒಂದು ಕಡೆ ಬರೆದಿದ್ರು. ಕೈ ಹೊರಗಿದ್ರೆ ಭಾರ ಇಳಿದ್ರೂ ಏನಾಗಲ್ಲ, ಸರಿ ತಾನೆ? ಆದ್ರೆ ಆ ಅಂದ್ಕೊಂಡಿದ್ದನ್ನ ಅಲ್ಲೇ ಬಿಟ್ಟು ಬರ್ಬೇಕಿತ್ತು. ಬಿಡ್ಲಿಲ್ಲ. ಕೈ ಒಳಗಿದ್ದಾಗಲೂ ಅದನ್ನೇ ಬಳಸಿದ್ರು. ಹಂಗೆ ಮಾಡಿದ್ರೆ ತಡೆಯೋ ಸಾಲು ಒಂದಿತ್ತು. ಒಂದೇ ಒಂದು. ಅದನ್ನ ನಾನು ಕಿತ್ತುಹಾಕ್ದೆ. ಬೇಡದ್ದು ಅಂದ್ಕೊಂಡೆ."

ಅಣ್ಣನ ಮುಖದಲ್ಲಿ ಅವಳ ಮಾತು ಒಂದೊಂದೇ ಹೆಜ್ಜೆ ಹತ್ತಿ ಹೋಗುತ್ತಿದ್ದುದು ಅವಳಿಗೆ ಕಾಣಿಸಿತು. ಬಾಲ್ಯದಲ್ಲಿ ಅವನಿಗೆ ಅವಳೇ ಲೆಕ್ಕ ಹೇಳಿಕೊಡುತ್ತಿದ್ದಳು. ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು, ಆದರೆ ಪೂರ್ತಿ ಅರ್ಥವಾಗುತ್ತಿತ್ತು.

ಸಲಾಕೆ ಬಿಟ್ಟ. ಮುಷ್ಟಿ ಬಂತು.

ಅವಳಿಗಾಗಿ ಜೀವಮಾನವಿಡೀ ಏಟು ತಿಂದ ಕೈ ಅದು. ದವಡೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಬಿದ್ದಳು. ಬಾಯಿತುಂಬ ಕಬ್ಬಿಣದ ರುಚಿ. ಮತ್ತೆ ಎದ್ದು ಫಿಟ್ಟರ್‌ನಿಗೂ ಅಣ್ಣನಿಗೂ ನಡುವೆ ತೆವಳಿ ಹೋಗಿ ಕೂತಳು. ಮಾತಾಡಲು ಬಾಯಿರಲಿಲ್ಲ. ಕೂತಳು, ಅಷ್ಟೆ.

ಅಣ್ಣ ತನ್ನ ಮುಷ್ಟಿಯನ್ನು ನೋಡಿದ. ಅದನ್ನು ಬಿಡಿಸಲು ಅವನಿಗೆ ಇನ್ನೊಂದು ಕೈ ಬೇಕಾಯಿತು. "ಪೆಡಲ್ ಒತ್ತಿದ್ದು ನಾನೇ ಕಣೇ" ಎಂದ. "ಅವನಿನ್ನೂ ತಗಡು ಸರಿಮಾಡ್ತಿದ್ದ. ನಾನು ಕಣ್ಣಾರೆ ನೋಡ್ದೆ. ಪ್ರೆಸ್ಸನ್ನ ನೀನು ನೋಡಿದ್ದೀಯಲ್ಲ ಅಂತ ಒತ್ತಿದೆ." ಆಮೇಲೆ ತನ್ನ ತಲೆಯನ್ನು ಪ್ರೆಸ್ಸಿನ ಕಂಬಕ್ಕೆ ಚಚ್ಚಿಕೊಳ್ಳತೊಡಗಿದ. ಈಗ ಜನ ಬಂದು ಹಿಡಿದರು.

ಅಣ್ಣನನ್ನು ಠಾಣೆಗೆ ಒಯ್ದರು. ಅವಳ ದವಡೆಗೆ ತಂತಿ ಕಟ್ಟಿದರು. ವಿಚಾರಣೆಗೆ ಬಂದವರಿಗೆ ಹಲ್ಲುಗಳ ಸಂದಿನಿಂದ ಎಲ್ಲ ಹೇಳಿದಳು. ಅವಳು ಹೇಳಿದ್ದನ್ನು ಮತ್ತೆ ಮತ್ತೆ ಹೇಳಿಸಿದರು, ಪ್ರತಿ ಸಲವೂ ಅಷ್ಟೇ ನೋಯುತ್ತಿತ್ತು. ಕಚೇರಿಗೆ ಮರಳಿದಾಗ ಅವಳನ್ನು ಯಾರೂ ತಡೆಯಲಿಲ್ಲ; ಮೊದಲು ಆ ಸಾಲನ್ನು ಅದರ ಜಾಗಕ್ಕೆ ಹಾಕಿದಳು. ಆಮೇಲೆ ಸುಳ್ಳುಗಳನ್ನು ಬರೆಯಲು ಕೂತಳು. ತಿರುಳು ಒಪ್ಪಲೇಬಾರದ ಸುಳ್ಳುಗಳು: ಒರಟು ಸುಳ್ಳು, ನಯವಾದ ಸುಳ್ಳು, ನಿಜದ ಬಟ್ಟೆ ತೊಟ್ಟು ಬರುವ ಸುಳ್ಳು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಗುಡುಗು ಪ್ಲೈವುಡ್ಡಿನ ಆಚೆಯಿಂದ, "ಸೊನ್ನೆಯಿಂದ ಭಾಗಿಸೋದೂ ಹಾಕು" ಅಂದ. ಅವಳು ಹಾಕಿದಳು.

ಹಾಡುಗಾರನನ್ನು ನೋಡಲು ಆಸ್ಪತ್ರೆಗೆ ಹೋದಳು. ಉದ್ದನೆಯ ವಾರ್ಡು, ಕಿಟಕಿಯ ಪಕ್ಕದ ಮಂಚ. ಬಲಗೈ ಮಣಿಕಟ್ಟಿಗೇ ಮುಗಿದು ಬಿಳಿ ಗಂಟಾಗಿತ್ತು. ಅವನ ಹೆಂಡತಿ ಗೋಡೆಯ ಕಡೆ ತಿರುಗಿದಳು.

ಅವಳು ಹೇಳಬೇಕಾದದ್ದನ್ನು ದವಡೆಯ ತಂತಿಯ ಒಳಗಿನಿಂದ ಹೇಳಿದಳು. ಅವನು ಕೊನೆಯವರೆಗೂ ಕೇಳಿದ. ಆಮೇಲೆ ಎಡಗೈಯಿಂದ ಸ್ಟೀಲ್ ಲೋಟ ಎತ್ತಿ ಅವಳ ಮುಖಕ್ಕೆ ಗುರಿಯಿಟ್ಟು ಬೀಸಿ ಒಗೆದ. ಅವಳು ಅಲುಗಲಿಲ್ಲ. ಲೋಟ ಅವಳಿಂದ ಮಾರು ದೂರದಲ್ಲಿ ಗೋಡೆಗೆ ಬಡಿದು, ವಾರ್ಡಿನ ಉದ್ದಕ್ಕೂ ಉರುಳುತ್ತ ಹೋಯಿತು. ನರ್ಸು ಓಡಿ ಬಂದಳು.

ನರ್ಸಿಗಿಂತ ಮೊದಲು ಅವಳೇ ಹೋಗಿ ಲೋಟ ಎತ್ತಿ ತಂದು, ನೀರು ತುಂಬಿ, ಅವನ ಎಡಗೈಗೆ ಎಟಕುವಂತೆ ಇಟ್ಟಳು.

ಅವನು ಏದುಸಿರು ಬಿಡುತ್ತಿದ್ದ. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು.

"ಈ ಕೈಗೆ ಇನ್ನೂ ಗುರಿ ಸಿಗ್ತಿಲ್ಲ" ಎಂದ. "ನಾಳೆ ಬಾ."

ಅವಳು ಹೋದಳು. ಮಾರನೆಯ ದಿನ ಅವನು ಇನ್ನೂ ಹತ್ತಿರಕ್ಕೆ ಎಸೆದ.